ಫೋನ್ ಮುಟ್ಟಿದ ನಿಮಿಷ: ಒಂದು ಹಳೇದು, ಒಂದು ಹೊಸದು

ಎಂಟು ವಾರ ಆಯಿತು. ಲೆಕ್ಕದ ಪ್ರಕಾರ ಹದಿನಾರು ಸಿನಿಮಾ ಆಗಿರಬೇಕಿತ್ತು, ಆಗಿರುವುದು ಹದಿಮೂರು. ಮೂರು ಎಲ್ಲಿ ಹೋದವು ಅನ್ನೋದು ಮುಂದೆ ಬರುತ್ತದೆ.

ಆಟದ ನಿಯಮ ಮೊದಲು ಹೇಳಿಬಿಡುತ್ತೇನೆ. ವಾರಕ್ಕೆ ಒಂದು ಹಳೇ ಸಿನಿಮಾ, ಒಂದು ಹೊಸದು. ಎರಡೂ ಜನ ಮುಗಿಬಿದ್ದು ನೋಡಿದ್ದೇ ಆಗಿರಬೇಕು. 2000ಕ್ಕಿಂತ ಮೊದಲಿನದು ಹಳೇದು, 2010ರ ನಂತರದ್ದು ಹೊಸದು. (ನಡುವಿನ ಹತ್ತು ವರ್ಷ ಏನು ಪಾಪ ಮಾಡಿತ್ತು ಅಕ್ಕ ಅಂತ ತಮ್ಮ ಕೇಳಿದ. ನನ್ನ ಹತ್ತಿರ ಉತ್ತರ ಇಲ್ಲ.) ಸ್ಟಾರ್ ಕೊಡುವ ಹಾಗಿಲ್ಲ. ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತೇನೆ. ನನಗೆ ಗೊತ್ತಿಲ್ಲದ ಹಾಗೆ ಕೈ ಅದರ ಕಡೆ ಹೋಯಿತಲ್ಲ, ಆ ನಿಮಿಷವನ್ನು ನೋಟ್‌ಬುಕ್ಕಿನ ಕಾಲಮ್ಮಿನಲ್ಲಿ ಬರೆಯುತ್ತೇನೆ. ಅಷ್ಟೇ. ನಾನು ವಿಮರ್ಶಕಿ ಅಲ್ಲ, ರಾತ್ರಿ ಹೊತ್ತು ಏನಾದರೂ ನೋಡೋಣ ಅನ್ನುವವಳು. ನನ್ನಂಥವರಿಗೆ ಈ ಅಳತೆ ಸಾಕು.

1ನೇ ವಾರ

ಹೊಸದು: ಈಚೆಗೆ ಭಾರಿ ಓಡಿದ ಒಂದು ಆಕ್ಷನ್ ಸಿನಿಮಾ. ಹೆಸರು ಬೇಡ, ಅದರ ಅಭಿಮಾನಿ ನಮ್ಮ ಮನೆಯಲ್ಲೇ ಇದ್ದಾನೆ. ಫೋನ್ ಮುಟ್ಟಿದ್ದು 11ನೇ ನಿಮಿಷಕ್ಕೆ. ಒಟ್ಟು ಒಂಬತ್ತು ಸಲ. ಬೇಜಾರಾಗಿದ್ದು ಅದಕ್ಕಲ್ಲ. ಒಂದು ಸಲ ಪೂರ್ತಿ ನಾಲ್ಕು ನಿಮಿಷ ತಲೆ ಬಗ್ಗಿಸಿಕೊಂಡು ಮೆಸೇಜ್ ಮಾಡುತ್ತಿದ್ದೆ. ತಲೆ ಎತ್ತಿದರೆ ಏನೂ ತಪ್ಪಿಹೋಗಿರಲಿಲ್ಲ! ವಿಲನ್ನಿನ ಬಂಟನೊಬ್ಬ ಹೀರೋನ ಹುಟ್ಟಿನಿಂದ ಇಲ್ಲಿಯವರೆಗಿನ ಪುರಾಣವನ್ನೆಲ್ಲ ಬಾಯಲ್ಲೇ ಹೇಳಿ ಮುಗಿಸಿದ್ದ. ಅದು ಕಿವಿಗೆ ಬಿದ್ದಿತ್ತು. ಕಣ್ಣಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಹಳೇದು: ಜಾಸ್ (1975). ಎರಡು ಗಂಟೆ ನಾಲ್ಕು ನಿಮಿಷ. ಕಾಲಂ ಖಾಲಿ.

ಇದರ ಶಾರ್ಕ್ ಕಥೆ ಎಲ್ಲರಿಗೂ ಗೊತ್ತು. ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಇಳಿದ ಮೇಲೆ ಮತ್ತೆ ಮತ್ತೆ ಕೆಟ್ಟು ಕೂತಿತು. 55 ದಿನಕ್ಕೆ ಅಂದುಕೊಂಡಿದ್ದ ಶೂಟಿಂಗ್ 159 ದಿನ ಎಳೆಯಿತು. ಶಾರ್ಕ್ ಇಲ್ಲದೆ ಏನು ಮಾಡೋದು? ನಿರ್ದೇಶಕ ಸ್ಪೀಲ್‌ಬರ್ಗ್ ನೀರನ್ನು ತೋರಿಸಿದ, ಶಾರ್ಕಿಗೆ ಕಟ್ಟಿದ ಹಳದಿ ಪೀಪಾಯಿಗಳನ್ನು ತೋರಿಸಿದ, ಸಂಗೀತದ ಜಾನ್ ವಿಲಿಯಮ್ಸ್ ಎರಡೇ ಸ್ವರ ನುಡಿಸಿದ. ಶಾರ್ಕಿನ ಮುಖ ಸರಿಯಾಗಿ ಕಾಣುವುದು ಸುಮಾರು 80ನೇ ನಿಮಿಷಕ್ಕೆ.

ಇದನ್ನೆಲ್ಲ ಓದಿಕೊಂಡೇ ಕೂತಿದ್ದೆ. ಆದರೂ ನನ್ನನ್ನು ಹಿಡಿದದ್ದು ಬೀಚಿನ ಸೀನು. ಪೊಲೀಸ್ ಮುಖ್ಯಸ್ಥ ಬ್ರೋಡಿ ಮರಳಲ್ಲಿ ಕೂತು ನೀರನ್ನೇ ನೋಡುತ್ತಿದ್ದಾನೆ. ಅವನ ಮುಂದೆ ಯಾರೋ ಹಾದುಹೋಗುತ್ತಾರೆ, ಅವರು ದಾಟುವಷ್ಟರಲ್ಲಿ ಅವನ ಮುಖ ಇನ್ನಷ್ಟು ಹತ್ತಿರ ಬಂದಿರುತ್ತದೆ. ಮತ್ತೊಬ್ಬರು ದಾಟಿದರೆ ಇನ್ನೂ ಹತ್ತಿರ. ಒಬ್ಬ ಬಂದು ಏನೋ ದೂರು ಹೇಳುತ್ತಾನೆ. ಬ್ರೋಡಿ ಅವನ ಭುಜದ ಮೇಲಿಂದ ನೀರಿನ ಕಡೆ ಕತ್ತು ಚಾಚುತ್ತಾನೆ. ನಾನೂ ಕುರ್ಚಿಯಲ್ಲಿ ಕತ್ತು ಚಾಚಿದ್ದೆ, ಟಿವಿಗೆ ಅಡ್ಡ ಯಾರೂ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಕೋಲು ತರಲು ನೀರಿಗೆ ಹಾರುತ್ತಿದ್ದ ನಾಯಿ ಕಾಣುವುದಿಲ್ಲ. ಕೋಲು ಮಾತ್ರ ತೇಲುತ್ತಿದೆ. ನಾಯಿ ಸತ್ತಿತು ಅಂತ ಯಾರೂ ಹೇಳುವುದಿಲ್ಲ. ಆ ಹೊತ್ತಲ್ಲಿ ಫೋನ್ ನೋಡುತ್ತಿದ್ದರೆ ನನಗೆ ಆ ನಾಯಿ ಸತ್ತೇ ಇರುತ್ತಿರಲಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟದ ಕೆಳಗೆ ಬರೆದುಕೊಂಡೆ: ತಲೆ ಬಗ್ಗಿಸಿದರೆ ಏನು ತಪ್ಪುತ್ತದೆ? ಅಲ್ಲಿಂದ ಮುಂದೆ ಎಲ್ಲ ಸಿನಿಮಾಕ್ಕೂ ಇದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ.

2ನೇ ವಾರ

ಜುರಾಸಿಕ್ ಪಾರ್ಕ್ (1993). ಎರಡು ಗಂಟೆಗೂ ಜಾಸ್ತಿ ಇರುವ ಸಿನಿಮಾದಲ್ಲಿ ಡೈನೋಸಾರ್ ಕಾಣುವುದು ಎಲ್ಲ ಸೇರಿ ಸುಮಾರು 15 ನಿಮಿಷ. ಚಿಕ್ಕವಳಿದ್ದಾಗ ಪೂರ್ತಿ ಡೈನೋಸಾರೇ ಇತ್ತು ಅಂದುಕೊಂಡಿದ್ದೆ! ಲೋಟದ ನೀರು ನಡುಗುವ ಶಾಟಿಗೆ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಗಿಟಾರಿನ ತಂತಿ ಕಟ್ಟಿ ಮೀಟಿದ್ದರಂತೆ. ಒಂದು ಸಲ ಫೋನ್ ಮುಟ್ಟಿದ್ದು, ವಿಜ್ಞಾನದ ಪಾಠ ನಡೆಯುವಾಗ. ಅಲ್ಲಿ ಕಾರ್ಟೂನ್ ಹಾಕಿ ವಿವರಿಸುತ್ತಾರೆ, ಕಿವಿ ಸಾಕಾಗುತ್ತದೆ.

ಹೊಸದರ ಬಗ್ಗೆ ಹೇಳುವಂಥದ್ದೇನಿಲ್ಲ. 23ನೇ ನಿಮಿಷ, ಆರು ಸಲ, ಹಾಡು ಚೆನ್ನಾಗಿತ್ತು.

3ನೇ ವಾರ

ಪುಷ್ಪಕ ವಿಮಾನ (1987). ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಕಮಲ್ ಹಾಸನ್, ಅಮಲಾ. ಒಂದೂ ಮಾತಿಲ್ಲದ ಸಿನಿಮಾ. ಮೂಕಿ ಅಲ್ಲ, ಗಮನಿಸಿ. ಸದ್ದುಗಳಿವೆ, ಸಂಗೀತ ಇದೆ, ಡೈಲಾಗ್ ಮಾತ್ರ ಇಲ್ಲ.

ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಪರೀಕ್ಷೆ ಬೇಕಾ? ಇಲ್ಲಿ ತಲೆ ಬಗ್ಗಿಸಿದರೆ ಕಥೆಯೇ ಹೋಯಿತು. ಕೆಲಸವಿಲ್ಲದ ಹುಡುಗ ಕುಡಿದು ಬಿದ್ದ ಶ್ರೀಮಂತನೊಬ್ಬನನ್ನು ಕೂಡಿಹಾಕಿ, ಅವನ ಬದಲು ದೊಡ್ಡ ಹೋಟೆಲಿನ ರೂಮಿಗೆ ಹೋಗಿ ಸೇರಿಕೊಳ್ಳುತ್ತಾನೆ. ಮೆತ್ತನೆ ಹಾಸಿಗೆ, ತಣ್ಣಗಿನ ಗಾಳಿ. ಆದರೆ ನಿದ್ದೆ ಬರಲ್ಲ. ಹೊರಳಾಡುತ್ತಾನೆ. ಅವನಿದ್ದ ಹಳೇ ಕೋಣೆಯ ಪಕ್ಕದಲ್ಲೇ ಸಿನಿಮಾ ಥಿಯೇಟರು. ದಿನಾ ರಾತ್ರಿ ಫೈಟಿನ ಡಿಶುಂ ಡಿಶುಂ ಕೇಳುತ್ತಾ ಮಲಗಿದವನಿಗೆ ಇಲ್ಲಿನ ನಿಶ್ಶಬ್ದವೇ ಹಿಂಸೆ. ಕೊನೆಗೆ ಆ ಗದ್ದಲವನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದು, ಹೋಟೆಲಿನಲ್ಲಿ ಹಾಕಿ, ನೆಮ್ಮದಿಯಾಗಿ ಮಲಗುತ್ತಾನೆ. ಬಡತನದ ಬಗ್ಗೆ ಉದ್ದುದ್ದ ಭಾಷಣ ಬರೆಯುವವರು ಈ ಒಂದು ಸೀನು ನೋಡಬೇಕು.

ಕೊನೆಯಲ್ಲಿ ಹುಡುಗಿ ಗುಲಾಬಿ ಜೊತೆ ಚೀಟಿ ಕೊಟ್ಟು ಹೋಗುತ್ತಾಳೆ. ಚೀಟಿ ಗಾಳಿಗೆ ಹಾರುತ್ತದೆ. ತಮ್ಮ ಆಗ ನೀರು ಕುಡಿಯಲು ಎದ್ದು ಹೋಗಿದ್ದ. ವಾಪಸ್ ಬಂದು "ಏನಾಯ್ತು ಅಕ್ಕ?" ಅಂದ. ನಾನು ಹೇಳಲಿಲ್ಲ, ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಕಾಲಂ ಖಾಲಿ.

ತಕರಾರು ಒಂದೇ. ಮಂಜುಗಡ್ಡೆ ಚಾಕು ಹಿಡಿದು ಬರುವ ಬಾಡಿಗೆ ಕೊಲೆಗಾರನ ಆಟ ಎರಡು ಸಲ ನಗು ತರಿಸುತ್ತದೆ. ಆಮೇಲೂ ಬರುತ್ತಲೇ ಇರುತ್ತಾನೆ.

ಜೊತೆಗೆ ನೋಡಿದ ಹೊಸ ಸಿನಿಮಾ ನೆನಪೇ ಇಲ್ಲ. ನೋಟ್‌ಬುಕ್ಕಿನಲ್ಲಿ "31" ಅಂತಿದೆ.

4 ಮತ್ತು 5ನೇ ವಾರ

ನಾಲ್ಕರಲ್ಲಿ ಒಂದೇ ಒಂದು ನೋಡಿದೆ, ಅದರಲ್ಲೂ ನಿದ್ದೆ ಹೋದೆ. ನೋಟ್‌ಬುಕ್ಕಿನಲ್ಲಿ "52" ಅಂತ ಬರೆದು ಅಲ್ಲಿಂದ ಪೆನ್ನು ಪುಟದ ಕೊನೆಯವರೆಗೆ ಜಾರಿದ ಗೀಟು ಇದೆ. ಇದನ್ನು ಯಾವ ಕಾಲಮ್ಮಿಗೆ ಸೇರಿಸಬೇಕೋ ಗೊತ್ತಿಲ್ಲ. ಸಿನಿಮಾ ಕೆಟ್ಟದಾಗಿರಲಿಲ್ಲ, ಸುಸ್ತು ನನ್ನದು. ಐದನೇ ವಾರ ಸೋಮಾರಿತನ. ನೆಪ ಹೇಳಲ್ಲ.

6ನೇ ವಾರ

ಇಲ್ಲಿ ನನ್ನ ಸಿದ್ಧಾಂತಕ್ಕೆ ಪೆಟ್ಟು ಬಿತ್ತು.

12 ಆಂಗ್ರಿ ಮೆನ್ (1957). 96 ನಿಮಿಷ. ಒಂದು ಕೋಣೆ, ಒಂದು ಮೇಜು, ಕೋರ್ಟಿನ ತೀರ್ಪು ಹೇಳಬೇಕಾದ ಹನ್ನೆರಡು ಗಂಡಸರು, ಬರೀ ಮಾತು. ಕೊಲೆ ಆರೋಪದ ಹುಡುಗ ತಪ್ಪಿತಸ್ಥ ಅಂತ ಹನ್ನೊಂದು ಜನ, ಅಲ್ಲ ಅಂತ ಒಬ್ಬ. ಮಾತೇ ಎಲ್ಲವೂ ಆದರೆ ಫೋನ್ ನೋಡುತ್ತಾ ಕೇಳಬಹುದಲ್ವಾ? ಕೈ ಹೋಗಲೇ ಇಲ್ಲ. ಅನುಮಾನ ಬಂದು, ಹಿಂದಕ್ಕೆ ಹೋಗಿ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ಕೇಳಿದೆ. ಕಥೆ ತಿಳಿಯಿತು, ಯಾರು ಅಲ್ಲಾಡುತ್ತಿದ್ದಾರೆ ಅನ್ನೋದು ತಿಳಿಯಲಿಲ್ಲ. ಅದು ಮಾತಾಡುವವನಲ್ಲಿ ಇಲ್ಲ, ಸುಮ್ನೆ ಕೂತು ಕೇಳುವವನ ಮುಖದಲ್ಲಿದೆ. ಅಲ್ಲ ಅಂದ ಆ ಒಬ್ಬ, ಹೆನ್ರಿ ಫೋಂಡಾ, ಜೇಬಿನಿಂದ ಕೊಲೆಯ ಚಾಕುವಿನ ಥರದ್ದೇ ಇನ್ನೊಂದು ಚಾಕು ತೆಗೆದು ಮೇಜಿಗೆ ಚುಚ್ಚುತ್ತಾನಲ್ಲ, ಆಗ ಚಾಕುವನ್ನು ನೋಡಬೇಡಿ, ಸುತ್ತ ಇರುವವರನ್ನು ನೋಡಿ.

ನಿರ್ದೇಶಕ ಸಿಡ್ನಿ ಲ್ಯುಮೆಟ್ ಇನ್ನೊಂದು ಕಿತಾಪತಿ ಮಾಡಿದ್ದಾನೆ. ಶುರುವಿನಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವಿನಲ್ಲಿ ಕಣ್ಣಿನ ಮಟ್ಟಕ್ಕೆ, ಕೊನೆಕೊನೆಗೆ ಕೆಳಗೆ. ಲೆನ್ಸೂ ಬದಲಾಗುತ್ತಾ ಗೋಡೆಗಳು ಹತ್ತಿರ ಬಂದ ಹಾಗೆ ಕಾಣುತ್ತದೆ. ಕೊನೆಗೆ ಸೂರು ಕಾಣತೊಡಗುತ್ತದೆ. ಮೊದಲ ಸಲ ನೋಡುವಾಗ ಇದ್ಯಾವುದೂ ಗೊತ್ತಾಗಿರಲಿಲ್ಲ, ಸೆಕೆ ಆಗುತ್ತಿದೆ ಅಂತ ಫ್ಯಾನ್ ಹಾಕಿಕೊಂಡಿದ್ದೆ.

ಜೊತೆಗೆ ಅಣುಬಾಂಬು ಮಾಡಿದ ವಿಜ್ಞಾನಿಯ ಕಥೆ, ಆಪನ್‌ಹೈಮರ್ (2023). ಮೂರು ಗಂಟೆ, ಇದೂ ಮಾತಿನದೇ. ಫೋನ್ ಏಳು ಸಲ. ಆದರೆ ನಾಲ್ಕು ಸಲ ಹೋದದ್ದು "ಈಗ ಬಂದವನು ಯಾರು" ಅಂತ ಹುಡುಕಲಿಕ್ಕೆ. ಅಷ್ಟೊಂದು ವಿಜ್ಞಾನಿಗಳು, ಎಲ್ಲರಿಗೂ ಕೋಟು. ಇದು ಸಿನಿಮಾದಿಂದ ಓಡಿಹೋಗುವ ಮುಟ್ಟುವಿಕೆ ಅಲ್ಲ ಅಂತ ಹೊಸ ಕಾಲಂ ಎಳೆದೆ: "ಹುಡುಕಾಟ". ತಮ್ಮ ಇದು ಮೋಸ ಅಂತಾನೆ. ಬಾಂಬು ಪರೀಕ್ಷೆಯ ಹೊತ್ತಲ್ಲಿ ಮಾತ್ರ ಇಬ್ಬರೂ ಸುಮ್ಮನಾದೆವು. ಬೆಳಕು ಬರುತ್ತದೆ, ಸದ್ದಿಲ್ಲ. ಬರೀ ಉಸಿರು. ಇನ್ನು ಸದ್ದು ಬರಲ್ಲವೇನೋ ಅನ್ನುವಾಗ ಬಂತು. ಅಷ್ಟು ಹೊತ್ತು ಮಾತಾಡಿದ ಸಿನಿಮಾ ಬಾಯಿ ಮುಚ್ಚಿದ್ದೇ ಅಲ್ಲಿ.

7ನೇ ವಾರ

ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್ (2015). ಇಷ್ಟು ದಿನ "ಈಗಿನ ಸಿನಿಮಾಗಳಲ್ಲಿ ಕಟ್ ಜಾಸ್ತಿ, ಅದಕ್ಕೇ ಮನಸ್ಸು ನಿಲ್ಲಲ್ಲ" ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಎರಡು ಗಂಟೆಯ ಈ ಸಿನಿಮಾದಲ್ಲಿ ಸುಮಾರು 2,700 ಕಟ್ ಇವೆ. ಅಂದರೆ ಒಂದು ಶಾಟಿಗೆ ಮೂರು ಸೆಕೆಂಡೂ ಇಲ್ಲ. ಮನಸ್ಸು ನಿಂತಿತು. ಗುಟ್ಟು ಸರಳ: ನೋಡಬೇಕಾದ್ದನ್ನು ಆದಷ್ಟೂ ತೆರೆಯ ನಡುಮಧ್ಯದಲ್ಲೇ ಇಟ್ಟಿದ್ದಾರೆ. ಶಾಟ್ ಬದಲಾದರೂ ಕಣ್ಣು ಹುಡುಕಾಡಬೇಕಿಲ್ಲ. ಸಂಕಲನಕ್ಕೆ ಮಾರ್ಗರೆಟ್ ಸಿಕ್ಸೆಲ್‌ಗೆ ಆಸ್ಕರ್ ಬಂದದ್ದು ಸುಮ್ನೆ ಅಲ್ಲ. ಹೇಳಿಕೊಂಡು ತಿರುಗಿದ್ದನ್ನು ವಾಪಸ್ ತಗೊಂಡಿದ್ದೇನೆ.

ಶೋಲೆ (1975). ಮೂರು ಗಂಟೆ ದಾಟುತ್ತದೆ. ಮೂರು ಸಲ ಮುಟ್ಟಿದೆ, ಮೂರೂ ಸಲ ಜೈಲಿನ ತಮಾಷೆ ನಡೆಯುವಾಗ. ಗಬ್ಬರ್ ಬರುವ ಸೀನು ಎಷ್ಟು ಸಲ ನೋಡಿದ್ದರೂ ಈ ಸಲ ಸರಿಯಾಗಿ ಕಂಡದ್ದು ಬೂಟು. ಮೊದಲು ಬಂಡೆ ಮೇಲೆ ನಡೆಯುವ ಕಾಲು, ಬಂಡೆಗೆ ಉಜ್ಜುತ್ತಾ ಎಳೆದುಕೊಂಡು ಬರುವ ಬೆಲ್ಟು. ಮುಖ ಆಮೇಲೆ. ಡೈಲಾಗಿಗೆ ಹೆಸರಾದ ಸಿನಿಮಾ, ಆದರೆ ನನ್ನ ಮನಸ್ಸಲ್ಲಿ ಉಳಿದದ್ದು ಮಾತಿಲ್ಲದ ತುಣುಕು. ಜೈ ಈ ಕಡೆ ಕೂತು ಮೌತ್ ಆರ್ಗನ್ ನುಡಿಸುತ್ತಾನೆ, ರಾಧಾ ಆ ಕಡೆ ಒಂದೊಂದೇ ದೀಪ ಆರಿಸುತ್ತಾ ಹೋಗುತ್ತಾಳೆ. ಅವರ ನಡುವೆ ಏನಿದೆ ಅಂತ ಯಾರೂ ವಿವರಿಸುವುದಿಲ್ಲ. ಕೊನೆಯಲ್ಲಿ ಪೊಲೀಸರು ಬಂದು ತಡೆಯುವುದು ಸೆನ್ಸಾರಿನ ಒತ್ತಾಯಕ್ಕೆ. ಮೂಲದಲ್ಲಿ ಠಾಕೂರ್ ಗಬ್ಬರನನ್ನು ಕೊಂದೇಬಿಡುತ್ತಿದ್ದ. ಇದು ತಿಳಿದ ಮೇಲೆ ಆ ಪೊಲೀಸರನ್ನು ಕಂಡರೆ ಸಿಟ್ಟು ಬರುತ್ತದೆ.

8ನೇ ವಾರ

ನಾಗರಹಾವು (1972) ನೋಡಲು ಹೆದರಿದ್ದೆ. ಚಿಕ್ಕಂದಿನ ಇಷ್ಟದ ಸಿನಿಮಾ, ಈಗ ಹಿಡಿಸದೆ ಹೋದರೆ?

26ನೇ ನಿಮಿಷಕ್ಕೆ ಮುಟ್ಟಿದೆ. ಒಟ್ಟು ನಾಲ್ಕು ಸಲ. ಮೊದಲರ್ಧ ಒಂದು ಸಿನಿಮಾ, ಎರಡನೆಯದು ಇನ್ನೊಂದು ಅನ್ನಿಸುತ್ತದೆ. ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು, ಹೊಲಿಗೆ ಅಲ್ಲಲ್ಲಿ ಕಾಣುತ್ತದೆ. ಓಬವ್ವನ ಹಾಡು ಬಂದಾಗ ಮಾತ್ರ ಬೆನ್ನು ನೆಟ್ಟಗಾಯಿತು. ಒನಕೆ ಏಳುತ್ತದಲ್ಲ, ಅದಿನ್ನೂ ಹಾಗೇ ಇದೆ.

ಬದಲಾಗಿದ್ದು ನಾನು. ಆಗ ರಾಮಾಚಾರಿಯ ಸಿಟ್ಟು ಸರಿ, ಚಾಮಯ್ಯ ಮೇಷ್ಟ್ರು ದೇವರು. ಈಗ ಕೆ.ಎಸ್. ಅಶ್ವಥ್ ಅವರ ಮುಖ ನೋಡುತ್ತಾ ಬೇರೆ ಏನೋ ಕಂಡಿತು. ಶಿಷ್ಯ ತನ್ನ ಮಾತು ಮೀರಲ್ಲ ಅಂತ ಗೊತ್ತಿದ್ದೇ ಅಲಮೇಲುವನ್ನು ಬಿಡು ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆ ಒಂದು ಮಾತಿನಿಂದ ಎಷ್ಟು ಜನರ ಬಾಳು ಹಾಳಾಯಿತು! ಅಲಮೇಲು ಕಟ್ಟಿಕೊಂಡ ಗಂಡನಿಂದಲೇ ಬೀದಿಗೆ ಬೀಳುತ್ತಾಳೆ. ಇಲ್ಲಿ ವಿಲನ್ ಯಾರು ಅಂತ ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ, ಚಿಕ್ಕವಳಿದ್ದಾಗ ಅದಕ್ಕೇ ನನಗೆ ತಿಳಿದಿರಲಿಲ್ಲ. ಮುಗಿದ ಮೇಲೆ ತಮ್ಮನ ಜೊತೆ ಅರ್ಧ ಗಂಟೆ ಜಗಳ. "ಮೇಷ್ಟ್ರನ್ನ ಏನೂ ಅನ್ಬೇಡ ಅಕ್ಕ" ಅಂದವನು ಎದ್ದು ಹೋದ. ಜಗಳದ ಹೊತ್ತಲ್ಲಿ ಇಬ್ಬರೂ ಫೋನ್ ಮುಟ್ಟಲಿಲ್ಲ, ಅದಕ್ಕೆ ಕಾಲಂ ಇಲ್ಲ.

ಹೊಸದು ಕಾಂತಾರ (2022), ಎರಡನೇ ಸಲ. ಮಧ್ಯದಲ್ಲಿ ಮೂರು ಬಾರಿ ಕೈ ಹೋಯಿತು, ಶಿವ ಮತ್ತು ಲೀಲಾ ಜೋಡಿಯ ಭಾಗದಲ್ಲಿ. ಆ ಪ್ರೇಮ ನನಗೆ ಮೊದಲ ಸಲವೂ ಹಿಡಿಸಿರಲಿಲ್ಲ, ಈ ಸಲ ಇನ್ನೂ ಇಲ್ಲ. ಆದರೆ ಕೊನೆಯ ಇಪ್ಪತ್ತು ನಿಮಿಷ ಬೇರೆಯೇ. ಜನ "ಓ" ಅನ್ನುವ ಆ ಕೂಗಿನ ಬಗ್ಗೆಯೇ ಮಾತಾಡುತ್ತಾರೆ. ನಾನು ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದು ಕೂಗು ನಿಂತ ಮೇಲಿನದು. ದೈವ ಮೈಮೇಲೆ ಬಂದ ಶಿವ ಅರಣ್ಯಾಧಿಕಾರಿಯ ಕೈ ಹಿಡಿಯುತ್ತಾನೆ, ಊರವರ ಕೈಗಳನ್ನೂ ಎಳೆದುಕೊಳ್ಳುತ್ತಾನೆ, ಎಲ್ಲವನ್ನೂ ತನ್ನ ಎದೆಗೆ ಒತ್ತಿಕೊಳ್ಳುತ್ತಾನೆ. ಒಂದು ಮಾತಿಲ್ಲ. ಕಾಡು ಯಾರದ್ದು ಅಂತ ಅಲ್ಲಿಯವರೆಗೆ ನಡೆದ ಅಷ್ಟೂ ವಾಗ್ವಾದಕ್ಕೆ ಅದೇ ಉತ್ತರ. ತಲೆ ಬಗ್ಗಿಸಿದ್ದರೆ ನನಗೆ ಬರೀ ಗೆಜ್ಜೆ ಸದ್ದು ಕೇಳಿರುತ್ತಿತ್ತು.

ಮುಂದಿನ ವಾರ

ನೋಟ್‌ಬುಕ್ ತಮ್ಮನ ಕೈಗೆ. ನನ್ನ ಲೆಕ್ಕದ ಮೇಲೆ ಅವನಿಗೆ ನಂಬಿಕೆ ಇಲ್ಲವಂತೆ, "ಹುಡುಕಾಟ" ಕಾಲಂ ಬಂದಾಗಿನಿಂದ. ಆಗಲಿ ಅಂದೆ. ಆದರೆ ಹಳೇ ಸಿನಿಮಾ ಆರಿಸುವುದು ನಾನು: ಸೆವೆನ್ ಸಮುರಾಯ್, 1954, ಕಪ್ಪು ಬಿಳುಪು, 207 ನಿಮಿಷ. ಅವನ ಫೋನನ್ನೂ ನನ್ನ ಫೋನಿನ ಪಕ್ಕದಲ್ಲೇ ಇಡಬೇಕು. ಅವನಿನ್ನೂ ಹೂಂ ಅಂದಿಲ್ಲ. ಆಗಲೇ ಚಾರ್ಜರ್ ಹುಡುಕುತ್ತಿದ್ದಾನೆ.