ದಂಟು ನೋಡದೆ ಕೆಟ್ಟೆ

ಸೆಪ್ಟೆಂಬರ್‌ನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಜಾಂಬೋಟಿ ಕಡೆ ಹೋದರೆ ಜಂಬಿಟ್ಟಿಗೆ ಹಾಸುಗಲ್ಲಿನ ಮೇಲೆ ನೇರಳೆ ಹೂ ಕಂಬಳಿ ಹೊದಿಸಿದ ಹಾಗೆ ಅರಳಿರುತ್ತೆ. ನಮ್ಮಲ್ಲಿ ಮರಾಠಿ ಮಂದಿ ಅದಕ್ಕೆ ‘ಸೀತೇಚಿ ಆಸವೇ’ ಅಂತಾರೆ, ಸೀತೆಯ ಕಣ್ಣೀರು. ಪುಸ್ತಕದ ಹೆಸರು ಯುಟ್ರಿಕ್ಯುಲೇರಿಯಾ ಪರ್ಪುರಾಸೆನ್ಸ್. ಕಂಡ ನೇರಳೆ ಹೂವಿಗೆಲ್ಲ ಈ ಹೆಸರು ಅಂಟಿಸಿ ಗೆಳೆಯರಿಗೆ ಫೋಟೋ ಕಳಿಸುವ ಚಟ ನನ್ನದು.

ಕಳೆದ ವರ್ಷ ಕಣಕುಂಬಿಯಿಂದ ವಾಪಸ್ ಬರುವಾಗ ಭತ್ತದ ಗದ್ದೆಯಲ್ಲೂ ಅದೇ ಹೂ ಕಂಡಿತು. ‘ಇಲ್ಲೂ ಬಂದ್ಯಾ’ ಅಂತ ಬದುವಿಗಿಳಿದೆ. ಕಾಲು ಜಾರಿ ಮೊಣಕಾಲುದ್ದ ಕೆಸರಿಗೆ ಹೋದೆ. ಕಳೆ ಕೀಳುತ್ತಿದ್ದ ಅಜ್ಜಿ ನಕ್ಕು, ‘ಅದ್ರಾಗೇನ್ ಐತ್ರೀ, ಕಸ ಅದು’ ಅಂದರು. ಬಿದ್ದಿದ್ದೇ ಒಳ್ಳೆಯದಾಯ್ತು, ಕಣ್ಣು ದಂಟಿನ ಮಟ್ಟಕ್ಕೆ ಬಂತು. ಕೂದಲಿನಂಥ ದಂಟು ಭತ್ತದ ಕಡ್ಡಿಗೆ ಮೂರು ಸುತ್ತು ಸುತ್ತಿಕೊಂಡು ಮೇಲೆ ಹತ್ತಿತ್ತು! ಕಲ್ಲಿನ ಮೇಲಿನದು ಯಾರ ಆಸರೆಯೂ ಇಲ್ಲದೆ ಗಿಡ್ಡಗೆ ನೆಟ್ಟಗೆ ನಿಲ್ಲುತ್ತೆ. ಇದರ ಹೂ ಕೊಂಚ ದೊಡ್ಡದು, ಕೆಳತುಟಿಯ ನಡುವಿನ ಬಿಳಿ ಉಬ್ಬಿನ ಮೇಲೆ ಬಲೆ ನೇಯ್ದಂಥ ಗೆರೆ. ಇದು ಅದೇ ಕುಲದ ಇನ್ನೊಂದು ಜಾತಿ, ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ. ಕೇರಳದವರು ಓಣಂ ಹೂರಂಗೋಲಿಗೆ (ಪೂಕಳ) ಬಳಸುವ ಕಾಕ್ಕಪ್ಪೂವು ಇದೇ. ಅಜ್ಜಿಗೆ ಹೇಳಿದೆ, ನಂಬಲಿಲ್ಲ.

ಒಂದು ಗಿಡ ಕಿತ್ತು ಬಾಟಲಿ ನೀರಲ್ಲಿ ಮಣ್ಣು ತೊಳೆದೆ. ಬೇರೇ ಇಲ್ಲ, ಬರೀ ಬಿಳಿ ದಾರ. ಅಕ್ಕಸಾಲಿ ಗೆಳೆಯನಿಂದ ತಂದಿದ್ದ ಭೂತಗನ್ನಡಿ ಹಿಡಿದರೆ ದಾರದ ತುಂಬ ರವೆಗಿಂತ ಸಣ್ಣ ಚೀಲ. ಅದು ಒಳಗಿನ ನೀರನ್ನು ಹೊರಗೆ ಹಾಕಿ ಹೊಟ್ಟೆ ಒಳಕ್ಕೆಳೆದು ಕಾಯುತ್ತೆ. ಬಾಗಿಲ ಕೂದಲಿಗೆ ಒಂದು ಹುಳ ತಾಗಿದರೆ ಸಾಕು, ಬಾಗಿಲು ತೆರೆದು ನೀರಿನ ಜೊತೆ ಹುಳವೂ ಒಳಗೆ. ಇಷ್ಟಾಗಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಈ ಊಟದ ವಿಷಯದಲ್ಲಿ ಮಾತ್ರ ಅಕ್ಕತಂಗಿಯರಿಬ್ಬರದೂ ಒಂದೇ ಬುದ್ಧಿ. ಕಲ್ಲಿನ ಮೇಲಿನವಳಿಗೆ ಬೇರೆ ದಾರಿಯೂ ಇಲ್ಲ ಬಿಡಿ, ಬೆರಳುದ್ದವೂ ಮಣ್ಣಿಲ್ಲದ ಕಡೆ ಸಾರಜನಕ ಎಲ್ಲಿಂದ ಬರಬೇಕು?

ರಾತ್ರಿ ಬೆಳಗಾವಿಯಲ್ಲಿ ಹಳೆ ಫೋಟೋಗಳನ್ನು ಸರಿಪಡಿಸೋಣ ಅಂತ ಕೂತೆ. ಆಗಲಿಲ್ಲ. ಎಲ್ಲದರಲ್ಲೂ ಹೂವಿನ ಮುಖ ಮಾತ್ರ, ಅದೂ ಮಸುಕು. ದಂಟು ಒಂದರಲ್ಲೂ ಇಲ್ಲ.