ಬರ್ಬನ್ ಗ್ಲಾಸಲ್ಲಿ ನಮ್ಮನೆ ವೆನಿಲಾ ಪರಿಮಳ

ಹೋದ ಮಳೆಗಾಲದಲ್ಲಿ ಕಾರವಾರಕ್ಕೆ ಹೋಗಿದ್ದೆ. ಶಿಪ್ಪಲ್ಲಿ ಕೆಲಸ ಮಾಡೋ ಗೆಳೆಯ ರಜೆಗೆ ಊರಿಗೆ ಬಂದಿದ್ದ, ಬರೋವಾಗ ಡ್ಯೂಟಿ ಫ್ರೀಲಿ ಒಂದು ಬರ್ಬನ್ ಬಾಟ್ಲಿ, ಅಂದ್ರೆ ಅಮೆರಿಕದ ಒಂದು ಥರದ ವಿಸ್ಕಿ, ತಂದಿದ್ದ. ಹೊರಗೆ ಜೋರು ಮಳೆ, ಜಗಲಿ ಮೇಲೆ ಕೂತು ಗ್ಲಾಸು ಮೂಗಿನ ಹತ್ರ ಹಿಡಿದೆ ನೋಡಿ, ಕುಡಿಯೋದೇ ಮರ್ತುಹೋಯ್ತು. ಅದು ನಮ್ಮನೆ ಅಟ್ಟದ ಪರಿಮಳ!

ಶಿರಸಿ ಕಡೆಯವ್ರಿಗೆ ನೆನಪಿರತ್ತೆ, 2003ರ ಹೊತ್ತಿಗೆ ವೆನಿಲಾಕ್ಕೆ ಬಂದಿದ್ದ ರೇಟು. ನಮ್ಮ ಅಪ್ಪಯ್ಯನೂ ಅಡಿಕೆ ತೋಟದಲ್ಲಿ ಬಳ್ಳಿ ಹಬ್ಬಿಸಿದ್ರು. ಹಸಿ ಕೋಡಿಗೆ ಏನೂ ಪರಿಮಳ ಇರಲ್ಲ, ಬಿಸಿನೀರಲ್ಲಿ ಅದ್ದಿ ತೆಗೆದು ಕಂಬಳಿ ಸುತ್ತಿ ಪೆಟ್ಟಿಗೇಲಿ ಬೆವರೋಕೆ ಬಿಟ್ಟು ಆಮೇಲೆ ದಿನಾ ಬಿಸಿಲು ತೋರಿಸ್ತಾ ತೋರಿಸ್ತಾ ಹೋದ್ರೆ ಅದು ಕಪ್ಪಾಗ್ತಾ ಬಂದು ಮನೆ ಪೂರ್ತಿ ಘಮ್ ಅನ್ನತ್ತೆ. ಆ ಘಮಕ್ಕೆ ಮುಖ್ಯ ಕಾರಣ ವೆನಿಲಿನ್ ಅನ್ನೋ ಅಂಶ. ಬರ್ಬನ್ ತುಂಬಿಡೋ ಪೀಪಾಯಿಯ ಓಕ್ ಮರಕ್ಕೆ ಬೆಂಕಿ ತಾಗಿದ್ರೂ ಅದೇ ವೆನಿಲಿನ್ ಹುಟ್ಟತ್ತೆ.

ಗೆಳೆಯ ಅಂದ, "ಎಲ್ಲಾ ವಿಸ್ಕಿನೇ ಮಾರಾಯಾ, ಹೆಸ್ರು ಬೇರೆ ಅಷ್ಟೇ." ಅಲ್ಲ ಮಾರಾಯಾ, ಹಾಗಲ್ಲ.

ಬರ್ಬನ್ ಅಂತ ಬರೀಬೇಕಾದ್ರೆ ಅಮೆರಿಕದಲ್ಲೇ ಮಾಡಿರಬೇಕು, ಧಾನ್ಯದಲ್ಲಿ ಕಡಿಮೆ ಅಂದ್ರೆ 51% ಗೋವಿನಜೋಳ ಇರಬೇಕು. ನಮ್ಮ ಹಳಿಯಾಳ, ಮುಂಡಗೋಡದ ಕಡೆ ಬೆಳೀತಾರಲ್ಲ, ಅದೇ ಜೋಳ. ಬಾಯಿಗೆ ಸಿಹಿ ಅನ್ಸೋದಕ್ಕೆ ಅದೂ ಒಂದು ಕಾರಣ. ಅದೇ ಅಮೆರಿಕದಲ್ಲಿ ಕಡಿಮೆ ಅಂದ್ರೆ 51% ರೈ ಅನ್ನೋ ಧಾನ್ಯ ಹಾಕಿದ್ರೆ ಅದು ರೈ ವಿಸ್ಕಿ, ಸ್ವಲ್ಪ ಖಾರ ಖಾರ.

ಆದ್ರೆ ನಂಗೆ ಜೋಳಕ್ಕಿಂತ ಮರನೇ ದೊಡ್ಡದು ಅನ್ಸತ್ತೆ. ಬರ್ಬನ್ನಿಗೆ ಪ್ರತೀ ಸಲ ಹೊಸಾ ಓಕ್ ಪೀಪಾಯಿನೇ ಬೇಕು, ಅದೂ ಒಳಗಿಂದ ಬೆಂಕಿ ಹಿಡಿಸಿ ಕರಕಲು ಮಾಡಿದ್ದು. ಕರಕಲಿನ ಹಿಂದಿನ ಪದರದಲ್ಲಿ ಮರದ ಸಕ್ಕರೆ ಅಂಶ ಬೆಲ್ಲ ಕಾಯಿಸಿದ ಹಾಗೆ ಕೆಂಪಾಗಿರತ್ತೆ, ಅಮೆರಿಕದ ಕೆಂಟಕಿ ರಾಜ್ಯದ ಬೇಸಿಗೇಲಿ ಬಟ್ಟಿ ಇಳಿಸಿದ ಸ್ಪಿರಿಟ್ ಹಿಗ್ಗಿ ಮರದೊಳಗೆ ಇಳೀತದೆ, ಚಳಿಗೆ ಮತ್ತೆ ಹೊರಗೆ ಬರ್ತದೆ, ಹೀಗೆ ಹೋಗಿ ಬಂದು ಬಣ್ಣ, ಪರಿಮಳ ಎಲ್ಲಾ ಎಳ್ಕೊಳ್ತದೆ. ಹೊರಗಿಂದ ಬಣ್ಣ ಹಾಕೋ ಹಾಗಿಲ್ಲ. ಸ್ಕಾಟ್ಲೆಂಡಿನ ವಿಸ್ಕಿ ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಸೇರಿಸಬಹುದು, ಬರ್ಬನ್ನಿಗೆ ಇಲ್ಲ. ಇದು ನಂಗೆ ತುಂಬಾ ಇಷ್ಟ ಆದ ನಿಯಮ.

ಮತ್ತೆ ಆ ಪೀಪಾಯಿ ಒಂದು ಸಲ ಖಾಲಿಯಾದ್ಮೇಲೆ ಇನ್ನೊಮ್ಮೆ ಬರ್ಬನ್ನಿಗೆ ಬರಲ್ಲ. ಎಷ್ಟೋ ಪೀಪಾಯಿ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗ್ತವೆ, ಅಲ್ಲಿ ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸ್ಪಿರಿಟ್ ಅದರೊಳಗೆ ಕಡಿಮೆ ಅಂದ್ರೂ 3 ವರ್ಷ ಕೂರಬೇಕು. ಅಂದ್ರೆ ಸ್ಕಾಚ್ ಕುಡಿಯೋರೂ ಬರ್ಬನ್ನಿನ ಎಂಜಲು ಪರಿಮಳ ಸ್ವಲ್ಪ ಕುಡೀತಾನೇ ಇರ್ತಾರೆ. ಕೆಲವು ಸ್ಕಾಚಲ್ಲಿ ಬರೋ ಹೊಗೆ ವಾಸನೆ ಮಾತ್ರ ಬೇರೆ ಕಥೆ, ಅದು ಬಾರ್ಲಿ ಒಣಗಿಸೋವಾಗ ಪೀಟ್ ಅನ್ನೋ ಮಣ್ಣು ಸುಟ್ಟು ಬಂದಿದ್ದು. ಐರಿಶ್‌ನೋರು ಹೆಚ್ಚಾಗಿ ಮೂರು ಸಲ ಬಟ್ಟಿ ಇಳಿಸ್ತಾರೆ, ಅದಕ್ಕೇ ಅಷ್ಟು ನಯ. ನಮ್ಮಲ್ಲಿ ಕಡಿಮೆ ರೇಟಿಗೆ ಸಿಗೋ ವಿಸ್ಕಿ ಸುಮಾರಷ್ಟು ಕಾಕಂಬಿ ಸ್ಪಿರಿಟ್ಟಿಂದ ಆಗೋದು, ಅದನ್ನ ಇದರ ಪಕ್ಕ ಇಡೋದೇ ಬೇಡ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಹಾಗಲ್ಲ, ಅದು ಪಕ್ಕಾ ಬಾರ್ಲಿ.

ಬಾಟ್ಲಿ ಮೇಲೆ 'ಸ್ಟ್ರೇಟ್' ಅಂತಿದ್ರೆ ಕಡಿಮೆ ಅಂದ್ರೂ 2 ವರ್ಷ ಪೀಪಾಯಿಲಿ ಇದ್ದಿದ್ದು. 'ಬಾಟಲ್ಡ್ ಇನ್ ಬಾಂಡ್' ಅಂತಿದ್ರೆ ಕಡಿಮೆ ಅಂದ್ರೂ 4 ವರ್ಷ, ಸರಿಯಾಗಿ 50% ಆಲ್ಕೋಹಾಲ್, 1897ರ ಕಾನೂನಿಂದ ಬಂದ ಹೆಸರು. ಮುಂದಿನ ಸಲ ಅದನ್ನೇ ತಾ ಅಂತ ಗೆಳೆಯನಿಗೆ ಹೇಳಿಟ್ಟಿದ್ದೀನಿ.

ಬೆಳಿಗ್ಗೆ ಎದ್ದು ನೋಡ್ತೀನಿ, ಅವನ ಆಯಿ ಗ್ಲಾಸು ತೊಳೆಯೋಕೆ ತಗೊಂಡ್ ಹೋಗ್ತಿದ್ರು. ಆಯಿ, ಅದೊಂದು ಇರ್ಲಿ ಅಂತ ಇಸ್ಕೊಂಡೆ. ಘಾಟೆಲ್ಲ ಹಾರಿಹೋಗಿ ತಳದಲ್ಲಿ ಒಣಗಿದ ಒಂದು ಕಂದು ಗೆರೆ ಅಷ್ಟೇ ಉಳಿದಿತ್ತು, ಆದ್ರೆ ರಾತ್ರಿಗಿಂತ ಜಾಸ್ತಿ ವೆನಿಲಾ. ಅವ್ರಿಗೂ ಕೊಟ್ಟೆ. ಮೂಸಿ ನೋಡಿ, "ಬೆಲ್ಲದ ಪಾಕ ಸ್ವಲ್ಪ ತಳ ಹಿಡಿದ ಹಾಗಿದೆ" ಅಂದ್ರು.