ಹಳೆಯ ಪಿಟಿ ಕ್ರೂಸರ್ ಖರೀದಿ: ಹುಡುಕಾಟದಿಂದ ಟೈಮಿಂಗ್ ಬೆಲ್ಟ್‌ವರೆಗೆ

ಗಾಡಿ ಕೈಗೆ ಬಂದಿದೆ. 2004ರ ಕ್ರೈಸ್ಲರ್ ಪಿಟಿ ಕ್ರೂಸರ್, ಟರ್ಬೊ ಇಲ್ಲದ 2.4 ಲೀಟರ್ ಎಂಜಿನ್, ನಾಲ್ಕು ಗೇರಿನ ಆಟೋಮ್ಯಾಟಿಕ್, ಓಡೋಮೀಟರ್‌ನಲ್ಲಿ 1,12,000 ಮೈಲಿ. ಟೈಟಲ್ (ಮಾಲೀಕತ್ವದ ಪತ್ರ) ಕ್ಲೀನ್, ಕೀ ಎರಡು. ಎಂಜಿನ್‌ನ ವಾಲ್ವ್‌ಗಳನ್ನು ಪಿಸ್ಟನ್‌ಗಳ ಜೊತೆ ತಾಳ ತಪ್ಪದಂತೆ ನಡೆಸುವ ಟೈಮಿಂಗ್ ಬೆಲ್ಟ್ ಬದಲಿಸಿದ್ದಕ್ಕೆ ರಸೀದಿ ಇಲ್ಲ. ಚೌಕಾಸಿ ಪೂರ್ತಿ ನಡೆದದ್ದು ಈ ಕೊನೆಯ ಅಂಶದ ಮೇಲೆಯೇ. ಈ ಮಾಡೆಲ್‌ನಲ್ಲಿ ರಸೀದಿ ಕಣ್ಣಿಗೆ ಬೀಳದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ಲೆಕ್ಕ ಹಿಡಿದು, ಬೆಲ್ಟ್, ವಾಟರ್ ಪಂಪ್ ಮತ್ತು ಕೂಲಿಯ ಮೊತ್ತವನ್ನು ಕೇಳಿದ ಬೆಲೆಯಿಂದ ಕಳೆಯಬೇಕು. ಒಪ್ಪದಿದ್ದರೆ ಬಿಟ್ಟುಬಿಡಬೇಕು, ಈ ಗಾಡಿಗೆ ಬರವಿಲ್ಲ.

ಬರವಿಲ್ಲದಿರಲು ಕಾರಣವೂ ಇದೆ. 2001ರಿಂದ 2010ರ ಮಾಡೆಲ್ ವರ್ಷದವರೆಗೆ ಇದು ಹದಿಮೂರು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅಮೆರಿಕದಲ್ಲಿ ಸಿಗುವವೆಲ್ಲ ಮೆಕ್ಸಿಕೊದ ತೊಲೂಕಾ ಕಾರ್ಖಾನೆಯವು. ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) 3ರಿಂದ ಶುರುವಾಗುವುದು ಅದಕ್ಕೇ. 1930ರ ದಶಕದ ಕಾರಿನ ಮೂತಿ, ಉಬ್ಬಿದ ಮಡ್‌ಗಾರ್ಡ್, ಎತ್ತರದ ಛಾವಣಿ, ಒಳಗೆ ವ್ಯಾನಿನಷ್ಟು ಜಾಗ. ಹಿಂದಿನ ಸೀಟುಗಳನ್ನು ಪಾನಾ ಮುಟ್ಟದೆ ಕಳಚಿ ಹೊರಗಿಡಬಹುದು. ಚಾಲಕನ ಪಕ್ಕದ ಸೀಟನ್ನೂ ಮಡಚಿದರೆ ಡಿಕ್ಕಿ ಮುಚ್ಚಿಕೊಂಡೇ ಎಂಟಡಿ ಏಣಿ ಹಿಡಿಸುತ್ತದೆ. ಪೆಟ್ರೋಲ್ ವಿಷಯದಲ್ಲಿ ಮಾತ್ರ ಗಾತ್ರಕ್ಕೆ ತಕ್ಕ ಮಿತವ್ಯಯವಿಲ್ಲ. ಆಟೋಮ್ಯಾಟಿಕ್‌ನಲ್ಲಿ ಗ್ಯಾಲನ್‌ಗೆ ಸುಮಾರು 21 ಮೈಲಿ ಎಂದೇ ಲೆಕ್ಕ ಹಾಕಿಕೊಳ್ಳಿ.

ಬೆಲ್ಟ್ ಗೊಡವೆಯೇ ಬೇಡ ಎನ್ನುವವರಿಗೆ ಪಕ್ಕದ ದಾರಿ ಷೆವ್ರೊಲೆ ಎಚ್‌ಎಚ್‌ಆರ್. ಅದರ ವಿನ್ಯಾಸವೂ ಪಿಟಿ ಕ್ರೂಸರ್ ರೂಪಿಸಿದ ಬ್ರಯಾನ್ ನೆಸ್ಬಿಟ್ ಅವರದೇ. ಇಕೋಟೆಕ್ ಎಂಜಿನ್‌ಗೆ ಟೈಮಿಂಗ್ ಚೈನ್ ಇದೆ. ಆದರೆ 2006ರಿಂದ 2011ರವರೆಗಿನ ಎಲ್ಲ ಎಚ್‌ಎಚ್‌ಆರ್‌ಗಳೂ 2014ರ ಇಗ್ನಿಷನ್ ಸ್ವಿಚ್ ರೀಕಾಲ್‌ಗೆ (ದೋಷ ಸರಿಪಡಿಸಲು ಕಂಪನಿ ಗಾಡಿಗಳನ್ನು ವಾಪಸ್ ಕರೆಸುವುದು) ಸೇರಿದ್ದವು. ಆ ಕೆಲಸ ಮುಗಿದಿರುವುದಕ್ಕೆ ದಾಖಲೆ ಕೇಳದೆ ಮುಂಗಡ ಕೊಡಬಾರದು.

ಕಾಗದಪತ್ರ

ಓಡೋಮೀಟರ್ ಸಂಖ್ಯೆಯನ್ನು ಇಲ್ಲಿ ಕುರುಡಾಗಿ ನಂಬುವಂತಿಲ್ಲ. ಅಮೆರಿಕದ ಫೆಡರಲ್ ನಿಯಮದ ಪ್ರಕಾರ 2010 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಮಾರಾಟದ ವೇಳೆ ಓಡೋಮೀಟರ್ ಘೋಷಣೆಯಿಂದ ವಿನಾಯಿತಿ ಇದೆ, ಅಂದರೆ ಎಲ್ಲ ಪಿಟಿ ಕ್ರೂಸರ್‌ಗಳಿಗೂ. ಹಾಗಾಗಿ ಮೈಲಿಯನ್ನು ಸರ್ವಿಸ್ ರಸೀದಿ, ಆಯಿಲ್ ಚೇಂಜ್ ಸ್ಟಿಕ್ಕರ್, ಬ್ರೇಕ್ ಪೆಡಲ್ ರಬ್ಬರ್‌ನ ಸವೆತ, ಚಾಲಕನ ಸೀಟಿನ ಅಂಚು ಇವುಗಳ ಜೊತೆ ತಾಳೆ ನೋಡಬೇಕು. ಪೆಡಲ್ ರಬ್ಬರ್ ನುಣ್ಣಗಾಗಿದ್ದು ಮೀಟರ್ 60,000 ತೋರಿಸಿದರೆ ಮಾತು ಅಲ್ಲಿಗೇ ಮುಗಿಯಿತು.

ವಿನ್‌ನ ಹತ್ತನೇ ಅಕ್ಷರ ಮಾಡೆಲ್ ವರ್ಷ: 2001ಕ್ಕೆ 1, 2009ಕ್ಕೆ 9, 2010ಕ್ಕೆ ಎ. ಎಂಟನೆಯದು ಎಂಜಿನ್, ಬಿ ಇದ್ದರೆ ಟರ್ಬೊ ಇಲ್ಲದ 2.4. ಕಳವು ಮತ್ತು ಸಾಲ್ವೇಜ್ (ವಿಮೆಯವರು ರಿಪೇರಿಗೆ ಯೋಗ್ಯವಲ್ಲ ಎಂದ ಗಾಡಿ) ದಾಖಲೆಯನ್ನು ವಿಮಾ ವಂಚನೆ ತಡೆಯುವ ಸಂಸ್ಥೆ ಎನ್‌ಐಸಿಬಿಯ ವಿನ್‌ಚೆಕ್‌ನಲ್ಲಿ ಪುಕ್ಕಟೆ ನೋಡಬಹುದು. ರೀಕಾಲ್‌ಗೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದ ಹುಡುಕಾಟ ಇದೆ, ಆದರೆ ಅದು ಸಾಮಾನ್ಯವಾಗಿ 15 ವರ್ಷಕ್ಕಿಂತ ಹಳೆಯ ರೀಕಾಲ್ ತೋರಿಸುವುದಿಲ್ಲ. ಅಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಬಾಕಿ ಇಲ್ಲ ಎಂದಲ್ಲ. ಅದೇ ವಿನ್ ಹಿಡಿದು ಕ್ರೈಸ್ಲರ್ ಡೀಲರ್ ಸರ್ವಿಸ್ ಕೌಂಟರ್‌ನಲ್ಲಿ ಕೇಳುವುದು ಒಳ್ಳೆಯದು. ಟೈಟಲ್‌ನಲ್ಲಿ ಇರುವ ಹೆಸರು ಮಾರುವವರದ್ದೇ ಆಗಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೀ ಎರಡು ಬೇಕು ಎಂದು ಹಟ ಹಿಡಿದದ್ದಕ್ಕೂ ಅರ್ಥವಿದೆ. ಸೆಂಟ್ರಿ ಕೀ ಇಮ್ಮೊಬಿಲೈಸರ್ (ಸರಿಯಾದ ಚಿಪ್ ಇರುವ ಕೀ ಇಲ್ಲದೆ ಎಂಜಿನ್ ಓಡಲು ಬಿಡದ ವ್ಯವಸ್ಥೆ) ಇರುವ ಅಮೆರಿಕದ ಗಾಡಿಗಳಲ್ಲಿ ಕೆಲಸ ಮಾಡುವ ಎರಡು ಕೀ ಇದ್ದರೆ ಮೂರನೆಯದನ್ನು ನಾವೇ ಪ್ರೋಗ್ರಾಂ ಮಾಡಿಕೊಳ್ಳಬಹುದು. ಒಂದೇ ಇದ್ದರೆ ಡೀಲರ್ ಅಥವಾ ಬೀಗದವರ ಸ್ಕ್ಯಾನರ್ ಬೇಕೇ ಬೇಕು.

ನೋಡುವಾಗ

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಮೊದಲ ಕೆಲಸಕ್ಕೆ ಸ್ಕ್ಯಾನರೂ ಬೇಡ: ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಆನ್-ಆಫ್-ಆನ್-ಆಫ್-ಆನ್ ಎಂದು ಐದು ಸೆಕೆಂಡಿನೊಳಗೆ ತಿರುಗಿಸಿದರೆ, ಸಂಗ್ರಹವಾಗಿರುವ ದೋಷದ ಕೋಡ್‌ಗಳು ಓಡೋಮೀಟರ್ ಜಾಗದಲ್ಲಿ ಒಂದೊಂದಾಗಿ ಬರುತ್ತವೆ. ಆದರೂ ಗಾಡಿಯ ಕಂಪ್ಯೂಟರ್ ಓದುವ ಸಣ್ಣ ಒಬಿಡಿ ರೀಡರ್ ಕಿಸೆಯಲ್ಲಿರಲಿ. ಮಾರುವವರು ಹಿಂದಿನ ರಾತ್ರಿ ಕೋಡ್ ಅಳಿಸಿದ್ದರೆ ರೆಡಿನೆಸ್ ಮಾನಿಟರ್‌ಗಳು (ಆ ಕಂಪ್ಯೂಟರ್‌ನ ಸ್ವಪರೀಕ್ಷೆಗಳು) ಅಪೂರ್ಣ ಎಂದು ತೋರಿಸುತ್ತವೆ. ಬ್ಯಾಟರಿ ಈಗಷ್ಟೇ ಹಾಕಿದ್ದು ಎಂಬ ಸಮಜಾಯಿಷಿ ಬರುತ್ತದೆ; ನಿಜವೂ ಇರಬಹುದು. ಏರ್ ಫಿಲ್ಟರ್ ಡಬ್ಬದ ಕೆಳಗೆ ಅಡಗಿರುವ ಬ್ಯಾಟರಿಯ ಮೇಲಿನ ತಾರೀಖು ನೋಡಿದರೆ ಗೊತ್ತಾಗುತ್ತದೆ.

ಆಮೇಲೆ ಎ.ಸಿ. ಹಾಕಿ ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಬೇಕು. ರೇಡಿಯೇಟರ್ ಫ್ಯಾನ್ ಕಡಿಮೆ ವೇಗದಲ್ಲಿ ತಿರುಗಲು ಶುರುವಾಗಬೇಕು. ಕಡಿಮೆ ವೇಗ ಸತ್ತಿದ್ದರೆ ಎಂಜಿನ್ ಬಿಸಿಯ ಸೂಚಿ ನಿಧಾನವಾಗಿ ಮೇಲೇರಿ, ತಡವಾಗಿ ಫ್ಯಾನ್ ಒಮ್ಮೆಲೇ ಭೋರ್ಗರೆಯುತ್ತದೆ, ಅಷ್ಟರಲ್ಲಿ ಎ.ಸಿ. ಗಾಳಿ ಬಿಸಿಯಾಗಿರುತ್ತದೆ. ಕೆಲವೊಮ್ಮೆ ದೋಷ ರಿಲೇಯದು, ಕೆಲವೊಮ್ಮೆ ಫ್ಯಾನ್ ಮಾಡ್ಯೂಲ್‌ನದು. ಈ ಎಂಜಿನ್ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲು) ಕಳೆದುಕೊಳ್ಳುವುದು ಹೆಚ್ಚಾಗಿ ಫ್ಯಾನ್ ಕೈಕೊಟ್ಟು ಬಿಸಿಯಾದ ಮೇಲೆ, ಹಾಗಾಗಿ ಹಳೆಯ ಓವರ್‌ಹೀಟಿನ ಕುರುಹು ಹುಡುಕಿ: ಆಯಿಲ್ ಮುಚ್ಚಳದಲ್ಲಿ ಹಾಲುಬಣ್ಣದ ಕೆನೆ, ಕೂಲೆಂಟ್ ಬಾಟಲಿಯಲ್ಲಿ ಗುಳ್ಳೆ, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿನಲ್ಲಿ ಒಣಗಿದ ಕಲೆ.

ಓಡಿಸುವಾಗ ಕಿವಿ ಮುಂದಿನ ಚಕ್ರಗಳ ಕಡೆಗಿರಲಿ. ಬ್ರೇಕ್ ಒತ್ತಿದಾಗ ಅಥವಾ ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ಕೆಳಗಿನಿಂದ ‘ಟಕ್’ ಎಂದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋಯರ್ ಕಂಟ್ರೋಲ್ ಆರ್ಮ್‌ನ ಹಿಂದಿನ ರಬ್ಬರ್ ಬುಷ್ ಹರಿದಿದೆ. ಈ ಮಾಡೆಲ್‌ನಲ್ಲಿ ಅದು ಅಪವಾದವಲ್ಲ, ರೂಢಿ. ಬುಷ್ ಮಾತ್ರ ಒತ್ತಿ ಕೂರಿಸುವ ಬದಲು ಬಾಲ್ ಜಾಯಿಂಟ್ ಸಮೇತ ಇಡೀ ಆರ್ಮ್ ಬದಲಿಸುವುದೇ ಅಗ್ಗ, ಎರಡೂ ಬದಿ ಒಟ್ಟಿಗೆ. ಹಿಂದೆ ಟ್ವಿಸ್ಟ್ ಬೀಮ್ ಆಕ್ಸಲ್‌ಗೆ ವಾಟ್ಸ್ ಲಿಂಕೇಜ್ ಜೋಡಿಸಿದ್ದಾರೆ. ಅಗ್ಗದ ಗಾಡಿಯಲ್ಲಿ ಕಾಣಸಿಗದ ಏರ್ಪಾಡು. ಆಕ್ಸಲ್ ಅಡ್ಡಡ್ಡ ಜರುಗದಂತೆ ಹಿಡಿಯುತ್ತದೆ. ಅದರ ಕೀಲು ಸಡಿಲವಾದರೆ ತಿರುವಿನಲ್ಲಿ ಹಿಂಬದಿ ಒಂದು ಕ್ಷಣ ತಡವಾಗಿ ಹಿಂಬಾಲಿಸಿದಂತೆ ಅನಿಸುತ್ತದೆ. ಬಹಳ ಮೆಕ್ಯಾನಿಕ್‌ಗಳು ಇದನ್ನು ಶಾಕ್ ಅಬ್ಸಾರ್ಬರ್ ತಲೆಗೆ ಕಟ್ಟುತ್ತಾರೆ.

ಗೇರ್‌ಬಾಕ್ಸ್ 41ಟಿಇ ಎಂಬ ಕ್ರೈಸ್ಲರ್ ಮಾದರಿ. ಯಾವ ವೇಗದಲ್ಲೂ ಎರಡನೇ ಗೇರಿನಲ್ಲೇ ಉಳಿದರೆ ಅದು ಲಿಂಪ್ ಮೋಡ್, ಅಂದರೆ ದೋಷ ಕಂಡಾಗ ಗೇರ್‌ಬಾಕ್ಸ್ ತನ್ನನ್ನು ಕಾಪಾಡಿಕೊಳ್ಳುವ ಸ್ಥಿತಿ. ಪಿ0700 ಕೋಡ್ ಬರಿಯ ಸೂಚನೆ. ಅದರ ಹಿಂದೆ ಪಿ0715 ಅಥವಾ ಪಿ0720 ಇದ್ದರೆ ಇನ್‌ಪುಟ್, ಔಟ್‌ಪುಟ್ ಸ್ಪೀಡ್ ಸೆನ್ಸರ್‌ಗಳ ಕಡೆ ನೋಡಿ. ಹೊರಗಿನಿಂದಲೇ ತಿರುಪಿ ಹಾಕುವ ಅಗ್ಗದ ಬಿಡಿಭಾಗ. ಇಷ್ಟಕ್ಕೇ ಗೇರ್‌ಬಾಕ್ಸ್ ಹೋಯಿತೆಂದು ಮಾರುವವರೂ ಉಂಟು, ಕೊಳ್ಳುವವನಿಗೆ ಲಾಭ. 45–50 ಮೈಲಿ ವೇಗದಲ್ಲಿ ಹಗುರವಾಗಿ ಆಕ್ಸಿಲರೇಟರ್ ಒತ್ತಿದಾಗ ನಡುಕ ಬಂದರೆ ತಪ್ಪು ಎಣ್ಣೆ ಹಾಕಿರುವ ಸಂಭವ ಹೆಚ್ಚು.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್, ಒಹಾಯೊ ಕಡೆಯ ಗಾಡಿಯಾದರೆ ಕೆಳಗೆ ನುಗ್ಗಿ ಸಬ್‌ಫ್ರೇಮ್, ಸಿಲ್, ಬ್ರೇಕ್ ಪೈಪುಗಳನ್ನು ಸ್ಕ್ರೂಡ್ರೈವರಿನಿಂದ ಕುಕ್ಕಿ ನೋಡಿ. ತುಕ್ಕು ಹಿಡಿದ ಸಬ್‌ಫ್ರೇಮ್ ರಿಪೇರಿ ಈ ಬೆಲೆಯ ಗಾಡಿಗೆ ಹೊಂದುವುದಿಲ್ಲ.

ಪಿಟಿ ಕ್ರೂಸರ್‌ನ ಜಿಟಿ ಟರ್ಬೊ ಆವೃತ್ತಿಯ ಬಗ್ಗೆ ಒಂದೇ ಮಾತು. ಓಟ ಚೆಂದ, ಆದರೆ ಮೊದಲೇ ಇಕ್ಕಟ್ಟಾದ ಎಂಜಿನ್ ಕೋಣೆಯಲ್ಲಿ ಮತ್ತಷ್ಟು ಕೊಳವೆ, ಮತ್ತಷ್ಟು ಬಿಸಿ. ದಿನಬಳಕೆಗೆ ಬೇಡ.

ಬೆಲ್ಟ್ ಕೆಲಸ: ಮುಗಿದಿದೆ

ತರಿಸಿದ್ದು ಇಷ್ಟು: ಟೈಮಿಂಗ್ ಬೆಲ್ಟ್, ಟೆನ್ಷನರ್, ಐಡ್ಲರ್ ಪುಲ್ಲಿ, ಓ-ರಿಂಗ್ ಸಮೇತ ವಾಟರ್ ಪಂಪ್, ಎರಡು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೀಲ್, ಮುಂದಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೀಲ್, ಹೊರಗಿನ ಎರಡು ಡ್ರೈವ್ ಬೆಲ್ಟ್, ಥರ್ಮೋಸ್ಟಾಟ್, ಮೋಪಾರ್ (ಕ್ರೈಸ್ಲರ್‌ನ ಬಿಡಿಭಾಗಗಳ ಬ್ರ್ಯಾಂಡ್) ಎಚ್‌ಒಎಟಿ ಬಗೆಯ ಕೂಲೆಂಟ್. ಪಂಪ್ ಇನ್ನೂ ಚೆನ್ನಾಗಿದೆ ಎಂದು ಬಿಡುವವರಿದ್ದಾರೆ. ಈ ಎಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್. ಪಂಪ್ ಮುಂದೆಂದೋ ಸೋರಿದರೆ ಇದೇ ಬಿಚ್ಚಾಟ ಮತ್ತೆ ಮೊದಲಿನಿಂದ.

ಬಲ ಮುಂದಿನ ಚಕ್ರ, ಒಳಗಿನ ಸ್ಪ್ಲ್ಯಾಶ್ ಶೀಲ್ಡ್, ಡ್ರೈವ್ ಬೆಲ್ಟ್‌ಗಳು, ಕ್ರ್ಯಾಂಕ್ ಪುಲ್ಲಿ, ಕವರ್‌ಗಳು ಈ ಕ್ರಮದಲ್ಲಿ ಕಳಚುತ್ತವೆ. ಪುಲ್ಲಿಗೆ ಮೂರು ಕಾಲಿನ ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆದರೆ ರಬ್ಬರ್ ಪದರ ಬಿಡುತ್ತದೆ. ಬಲಗಡೆಯ ಎಂಜಿನ್ ಮೌಂಟಿಂಗ್ ಬಿಚ್ಚುವ ಮೊದಲು ಆಯಿಲ್ ಪ್ಯಾನ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು ಎಂಜಿನ್ ಹಿಡಿಯಬೇಕು. ಹಳೇ ಬೆಲ್ಟ್ ತೆಗೆಯುವ ಮೊದಲೇ ಗುರುತುಗಳನ್ನು ಕೂಡಿಸಿಕೊಳ್ಳಿ: ಎರಡು ಕ್ಯಾಮ್ ಸ್ಪ್ರಾಕೆಟ್‌ಗಳ ಗುರುತು ಒಂದಕ್ಕೊಂದು ಮುಖಾಮುಖಿ, ಕ್ರ್ಯಾಂಕ್ ಗುರುತು ಆಯಿಲ್ ಪಂಪ್ ಮೈಮೇಲಿನ ಬಾಣಕ್ಕೆ ನೇರ. ಬೆಲ್ಟ್ ಇಲ್ಲದಾಗ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಮನಬಂದಂತೆ ತಿರುಗಿಸಿದರೆ ವಾಲ್ವ್ ಬಾಗಬಹುದು.

ಎಡವುವುದು ಹೆಚ್ಚಾಗಿ ಇಲ್ಲಿ. ಕ್ರ್ಯಾಂಕ್ ಸ್ಪ್ರಾಕೆಟ್‌ನ ಗುರುತು ಹಲ್ಲಿನ ನಡುವಿನದಲ್ಲ, ಹಲ್ಲಿನ ಹಿಂದಿನ ಅಂಚಿನದು. ಹಲ್ಲಿನ ನಡುಭಾಗವನ್ನು ಬಾಣಕ್ಕೆ ಹಿಡಿದರೆ ಟೈಮಿಂಗ್ ತಪ್ಪುತ್ತದೆ. ಗುರುತು ಕೂಡಿಸಿದ ಮೇಲೆ ಕ್ರ್ಯಾಂಕನ್ನು ಅರ್ಧ ನಾಚ್ (ಅರ್ಧ ಹಲ್ಲಿನಷ್ಟು) ಹಿಂದಕ್ಕೆ ತಂದು, ಎಕ್ಸಾಸ್ಟ್ ಕ್ಯಾಮ್‌ನ ಗುರುತು ಇನ್‌ಟೇಕ್‌ ಗುರುತಿಗಿಂತ ಅರ್ಧ ನಾಚ್ ಕೆಳಗಿರುವಂತೆ ಇಡಬೇಕು. ಹೊಸ ಬೆಲ್ಟನ್ನು ಕ್ರ್ಯಾಂಕ್‌ನಿಂದ ಶುರುಮಾಡಿ ವಾಟರ್ ಪಂಪ್, ಐಡ್ಲರ್, ಎರಡು ಕ್ಯಾಮ್, ಕೊನೆಗೆ ಟೆನ್ಷನರ್ ಎಂಬ ಕ್ರಮದಲ್ಲಿ ಸುತ್ತಿ, ಎಕ್ಸಾಸ್ಟ್ ಕ್ಯಾಮನ್ನು ಎಡಸುತ್ತಾಗಿ ಗುರುತಿಗೆ ತಂದರೆ ಕ್ಯಾಮ್‌ಗಳ ನಡುವಿನ ಜೋಲು ಹೋಗುತ್ತದೆ. ಆ ಅರ್ಧ ನಾಚ್‌ಗಳನ್ನು ಬಿಟ್ಟರೆ ಟೆನ್ಷನರ್ ಜೋಲನ್ನು ಎಳೆದುಕೊಳ್ಳುವಾಗ ಒಂದು ಹಲ್ಲು ಜರುಗಿ ಕೂರುತ್ತದೆ, ಎಂಜಿನ್ ಸ್ಟಾರ್ಟ್ ಆದರೂ ನಿಂತಲ್ಲಿ ಅದುರುತ್ತದೆ.

ಈ ಗಾಡಿಯಲ್ಲಿ ಇರುವುದು ಸ್ಪ್ರಿಂಗ್ ಇರುವ ಮೆಕ್ಯಾನಿಕಲ್ ಟೆನ್ಷನರ್. 6 ಎಂಎಂ ಅಲೆನ್ ಕೀಯಿಂದ ಮೇಲಿನ ತಟ್ಟೆಯನ್ನು ತಿರುಗಿಸಿ, ನಾಚ್ ಸ್ಪ್ರಿಂಗ್‌ನ ನಾಲಿಗೆಗೆ ಎದುರಾದಾಗ ಬೋಲ್ಟ್ ಬಿಗಿಯಬೇಕು. ಬಳಿಕ ಕ್ರ್ಯಾಂಕನ್ನು ಕೈಯಿಂದ ಬಲಸುತ್ತಾಗಿ ಪೂರ್ತಿ ಎರಡು ಸುತ್ತು ತಿರುಗಿಸಿ ಮೂರೂ ಗುರುತು ಮತ್ತು ನಾಚ್ ಮತ್ತೆ ನೋಡಿದ್ದಾಯಿತು; ಕೂಡಿವೆ. ಹೊರಬಂದ ಬೆಲ್ಟಿನ ಬೆನ್ನಲ್ಲಿ ಉದ್ದಕ್ಕೂ ಸೀಳು, ಹಲ್ಲಿನ ಬುಡದಲ್ಲಿ ಬಿರುಕು. ಪಂಪ್ ಬೇರಿಂಗ್ ಕೈಗೆ ಆಡುತ್ತಿತ್ತು.

ಕೂಲೆಂಟ್ ಒಟ್ಟು ಆರೂವರೆ ಲೀಟರ್ ಆಸುಪಾಸು, ಡಿಸ್ಟಿಲ್ಡ್ ನೀರಿನ ಜೊತೆ ಸಮಪಾಲು. ಹಸಿರು ಕೂಲೆಂಟ್ ಬೆರೆಸಬಾರದು; ಎರಡರ ರಸಾಯನ ಬೇರೆ, ಬೆರೆತಾಗ ಕೆಸರಿನಂತಾಗಿ ಹೀಟರ್ ಕೋರ್ ಕಟ್ಟಬಹುದು. ಚಕ್ರದ ನಟ್ 135 ನ್ಯೂಟನ್ ಮೀಟರ್.

ಗೇರ್‌ಬಾಕ್ಸ್ ಎಣ್ಣೆ: ಮುಗಿದಿದೆ

ಪ್ಯಾನ್ ಇಳಿಸಿ ಫಿಲ್ಟರ್ ಬದಲಿಸಲಾಗಿದೆ. ಇದಕ್ಕೆ ಕ್ರೈಸ್ಲರ್‌ನ ಎಟಿಎಫ್+4 ಎಣ್ಣೆ ಬಿಟ್ಟು ಬೇರೇನೂ ನಡೆಯುವುದಿಲ್ಲ, ಎಲ್ಲಕ್ಕೂ ಹೊಂದುತ್ತದೆ ಎಂದು ಡಬ್ಬದ ಮೇಲೆ ಬರೆದದ್ದೂ ಬೇಡ. ಪ್ಯಾನ್ ಇಳಿಸಿದಾಗ ಬರುವುದು ನಾಲ್ಕು ಕ್ವಾರ್ಟ್ (ಸುಮಾರು 3.8 ಲೀಟರ್) ಆಸುಪಾಸು. ಟಾರ್ಕ್ ಕನ್ವರ್ಟರ್‌ನಲ್ಲಿ ಅಷ್ಟೇ ಉಳಿದಿರುತ್ತದೆ, ಆದ್ದರಿಂದ ಕೆಲವು ಸಾವಿರ ಮೈಲಿ ಬಳಿಕ ಇನ್ನೊಮ್ಮೆ ಇಳಿಸಬೇಕು. ಪ್ಯಾನ್ ಆಯಸ್ಕಾಂತದ ಮೇಲೆ ಬೂದು ಪೇಸ್ಟ್ ಮಾತ್ರ ಇತ್ತು, ಲೋಹದ ಚೂರಿಲ್ಲ. ಅಂಚಿಗೆ ಸೋರಿಕೆ ತಡೆಯುವ ಆರ್‌ಟಿವಿ ಸಿಲಿಕಾನ್ ತೆಳುವಾಗಿ. ಮಟ್ಟ ನೋಡುವುದು ಎಣ್ಣೆ ಬಿಸಿಯಾದಾಗ, ಎಂಜಿನ್ ಓಡುತ್ತಿರುವಾಗ, ಪಾರ್ಕ್‌ನಲ್ಲಿ.

ಬಾಕಿ

ಸ್ಪಾರ್ಕ್ ಪ್ಲಗ್ ಇನ್ನೂ ಮುಟ್ಟಿಲ್ಲ. ಪ್ಲಗ್‌ಗಳ ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಮೇಲ್ಭಾಗ ಮಲಗಿಕೊಂಡಿದೆ. ಹತ್ತು ನಿಮಿಷದ ಕೆಲಸ ಎಂದು ಶುರುಮಾಡುವಂಥದ್ದಲ್ಲ. ಅದನ್ನು ಎತ್ತುವಾಗ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ವಾಲ್ವ್ ಕವರ್ ಗ್ಯಾಸ್ಕೆಟ್, ಪ್ಲಗ್ ಬಾವಿಯ ಸೀಲ್ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಜಾಣತನ, ಏಕೆಂದರೆ ಬಾವಿಯಲ್ಲಿ ಆಯಿಲ್ ನಿಂತೇ ಪ್ಲಗ್ ವೈರ್ ಹಾಳಾಗುವುದು. ಗ್ಯಾಪ್ 0.050 ಇಂಚು. ತೆರೆದ ರಂಧ್ರಗಳಿಗೆ ಬಟ್ಟೆ ತುರುಕಿ. ಒಳಗೆ ಬಿದ್ದ ನಟ್ ಹುಡುಕುವ ಕೆಲಸಕ್ಕಿಂತ ಹೆಡ್ ಬಿಚ್ಚುವುದೇ ಸಲೀಸು ಅನಿಸಿಬಿಡುತ್ತದೆ.

ಲೋಯರ್ ಆರ್ಮ್ ಎರಡೂ ಬಂದಿವೆ, ಲಿಂಕ್ ರಾಡ್ ಬರಬೇಕು. ಬುಷ್ ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಕೊನೆಯದಾಗಿ ಬಿಗಿಯಬೇಕು. ಜಾಕ್ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆರ್ಮ್ ಹಾಕಿದ ಮೇಲೆ ಅಲೈನ್‌ಮೆಂಟ್; ಅದಕ್ಕೆ ಮುಂಚೆ ಹೊಸ ಟೈರ್ ಬೇಡ. ಬಲ ಮೌಂಟಿಂಗ್‌ನಿಂದ ದ್ರವ ಜಿನುಗಿದ ಗುರುತಿದೆ, ನಿಂತಲ್ಲಿ ಸ್ಟೀರಿಂಗ್‌ಗೆ ಸಣ್ಣ ನಡುಕವೂ ಬರುತ್ತಿದೆ. ಪ್ಲಗ್ ಬದಲಾದ ಮೇಲೂ ಅದು ಉಳಿದರೆ ಮುಂದಿನ ಆರ್ಡರ್ ಮೌಂಟಿಂಗ್‌ನದು.